ನಲವತ್ತೆರಡು ಸಾವಿರದ ಆರುನೂರು ಪೆಟ್ಟಿಗೆ

ನಮ್ಮ ವ್ಯಾಪಾರಿ ಸಂಘದ ವಾಚನಾಲಯದಲ್ಲಿ ಮೇಡಂ ಎಂದರೆ ಒಬ್ಬರೇ, ಅದನ್ನು ನೋಡಿಕೊಳ್ಳುವ ಗ್ರಂಥಪಾಲಕಿ. ಎದುರಿಗೆ ಮೇಡಂ, ಬೆನ್ನ ಹಿಂದೆ ‘ಯಾರ್ ಹೇಳಿದ್ದು ಮೇಡಂ’. ಈ ಅಡ್ಡಹೆಸರು ಇಟ್ಟವನು ನಾನೇ. ಇಪ್ಪತ್ತಾರು ವರ್ಷ ಅವರ ಪಕ್ಕದ ಕೋಣೆಯಲ್ಲಿ ಕೂತು ಪತ್ರಿಕೆ, ಪುಸ್ತಕ ಬೈಂಡ್ ಮಾಡಿದವನಿಗೆ ಅಷ್ಟಾದರೂ ಹಕ್ಕು ಬೇಡವೇ?

ಹೊಸ ಅಂಗಡಿ ಇಡುವವರು, ಕಾರ್ಖಾನೆ ಹಾಕುವವರು, ಇದ್ದ ಕಸುಬು ಬಿಟ್ಟು ಇನ್ನೊಂದಕ್ಕೆ ಹಾರುವವರು, ಎಲ್ಲರೂ ಮೊದಲು ಅವರ ಮೇಜಿನ ಮುಂದೆ ನಿಲ್ಲುತ್ತಿದ್ದರು. ಯಾವ ಸರಕು ಎಷ್ಟು ಖರ್ಚಾಗುತ್ತದೆ, ಯಾರು ಮಾಡುತ್ತಾರೆ, ಎಲ್ಲಿಂದ ಬರುತ್ತದೆ ಎಂಬ ಮಾಹಿತಿಯೆಲ್ಲ ಅವರ ಬಳಿ ಇತ್ತು. ಆದರೆ ಬಂದವನು “ಈ ವರ್ಷ ಸಾಬೂನಿನ ವ್ಯಾಪಾರ ದುಪ್ಪಟ್ಟಾಗಿದೆಯಂತೆ” ಎಂದು ಬಾಯಿ ತೆರೆದರೆ ಮುಗಿಯಿತು. ಕನ್ನಡಕ ಮೂಗಿನ ತುದಿಗೆ ಇಳಿಯುತ್ತಿತ್ತು.

“ಯಾರ್ ಹೇಳಿದ್ದು? ಯಾವಾಗ ಹೇಳಿದ್ದು? ಎಣಿಸಿ ಹೇಳಿದ್ರಾ, ಕೇಳಿ ಹೇಳಿದ್ರಾ? ಹೇಳಿದ್ರಿಂದ ಅವರಿಗೇನು ಲಾಭ?”

ನಾಲ್ಕನೆಯ ಪ್ರಶ್ನೆಯ ಹೊತ್ತಿಗೆ ಅರ್ಧ ಜನ ಬಾಲ ಮುದುರಿಕೊಂಡು ಹೋಗುತ್ತಿದ್ದರು. ಉಳಿದವರೆಲ್ಲ ಉದ್ಧಾರವಾದರು ಎಂದು ನಾನು ಹೇಳುವುದಿಲ್ಲ. ಹೇಳಿದರೆ, ಅದನ್ನು ಎಣಿಸಿದ್ದು ಯಾರು ಎಂದು ನನ್ನನ್ನೇ ಕೇಳುತ್ತಾರೆ.

ಅವರು ಹೀಗಾದದ್ದಕ್ಕೆ ಕಾರಣವಿತ್ತು. ಅವರಪ್ಪನಿಗೆ ಮುಖ್ಯರಸ್ತೆಯಲ್ಲಿ ಗಡಿಯಾರ ರಿಪೇರಿಯ ಪುಟ್ಟ ಅಂಗಡಿ. ರಸ್ತೆ ಅಗಲ ಮಾಡುತ್ತಾರಂತೆ, ಅಂಗಡಿಗಳೆಲ್ಲ ಹೋಗುತ್ತವಂತೆ ಎಂದು ಯಾರೋ ಅಂದರು. ಮತ್ತೆ ನಾಲ್ಕು ಜನ ಅದನ್ನೇ ಅಂದರು. ಅಪ್ಪ ಸಿಕ್ಕಷ್ಟಕ್ಕೆ ಅಂಗಡಿ ಮಾರಿ ಕೈತೊಳೆದುಕೊಂಡರು. ಆ ರಸ್ತೆ ಇವತ್ತಿಗೂ ಅಷ್ಟೇ ಅಗಲವಿದೆ. ಅದೇ ರಸ್ತೆಯಲ್ಲಿ ಇನ್ನೊಬ್ಬರ ಅಂಗಡಿಯ ಮೂಲೆಯಲ್ಲಿ ಕೂತು ಅಪ್ಪ ಉಳಿದ ದಿನ ಕಳೆದರು. ಅವರು ಹೋದ ಮೇಲೆ ತಾಯಿಯನ್ನೂ ಹತ್ತು ವರ್ಷ ಚಿಕ್ಕವನಾದ ತಮ್ಮನನ್ನೂ ಸಾಕಿದ್ದು ಮೇಡಂ. ಮದುವೆಯಾಗಲಿಲ್ಲ. ಕೇಳಿದವರಿಗೆ “ಹುಡುಗ ಒಳ್ಳೆಯವನು ಅಂತ ಯಾರ್ ಹೇಳಿದ್ದು?” ಎಂದು ನಗುತ್ತಿದ್ದರು. ನಗು ತುಟಿಯಿಂದ ಮೇಲಕ್ಕೆ ಹೋಗುತ್ತಿರಲಿಲ್ಲ.

ಈ ತಮ್ಮನೋ, ಅಕ್ಕನಿಗೆ ಪೂರ್ತಿ ತದ್ವಿರುದ್ಧ. ಬಾಯಿ ಬಿಟ್ಟರೆ ಬಡಾಯಿ, ಅದರಲ್ಲೂ ಒಂದು ಚಾಲಾಕಿತನ. ಚಿಕ್ಕವನಿದ್ದಾಗ ಏದುಸಿರು ಬಿಡುತ್ತ ಬಂದು “ಹದಿನೇಳು ನಾಯಿ ಅಟ್ಟಿಸ್ಕೊಂಡು ಬಂದ್ವು” ಎನ್ನುತ್ತಿದ್ದನಂತೆ. ಇಪ್ಪತ್ತು ಎಂದರೆ ಬುರುಡೆ ಎಂದು ಗೊತ್ತಾಗುತ್ತದೆ, ಹದಿನೇಳು ಎಂದರೆ ಪಾಪ ಎಣಿಸಿದ್ದಾನೆ ಅನ್ನಿಸುತ್ತದೆ. ಮೇಡಂ ಹೋಗಿ ನೋಡಿದರೆ ಇದ್ದದ್ದು ಒಂದೇ ನಾಯಿ, ಅದೂ ಕುಂಟು. ಇದನ್ನು ನನಗೆ ಹೇಳಿದ್ದು ಮೇಡಮ್ಮೇ, ಅದಕ್ಕೆ ನಂಬಿದ್ದೇನೆ. ದೊಡ್ಡವನಾದ ಮೇಲೆ ಅವನು ಹಣ್ಣು ತುಂಬುವ ಮರದ ಪೆಟ್ಟಿಗೆ ಮಾಡುವ ಶೆಡ್ಡು ಹಾಕಿದ. ಏಳು ಜನ ಕೆಲಸಗಾರರು, ಎರಡು ಗರಗಸದ ಯಂತ್ರ. ಬಡಾಯಿ ಬಿಟ್ಟರೆ ದುಡಿಮೆಯಲ್ಲಿ ಮೋಸವಿಲ್ಲದ ಮನುಷ್ಯ.

ಮೇಡಂ ಅವರದ್ದು ಒಂದು ಪದ್ಧತಿ. ಒಂದೊಂದು ಸರಕಿಗೂ ಕಾರ್ಡುಗಳು, ಕಾರ್ಡುಗಳು ಮರದ ಡ್ರಾಯರುಗಳಲ್ಲಿ. ಅಚ್ಚಾದ ಕಡೆ ಓದಿದ್ದನ್ನು ನೀಲಿ ಶಾಯಿಯಲ್ಲಿ ಬರೆಯುವುದು. ತಾವೇ ಹೋಗಿ ಎಣಿಸಿ ಬಂದದ್ದನ್ನು ಕೆಂಪು ಶಾಯಿಯಲ್ಲಿ. ಬಾಯಿಮಾತಿಗೆ ಪೆನ್ಸಿಲ್. ಪೆನ್ಸಿಲ್ಲಿನದ್ದನ್ನು ಯಾರಿಗೂ ಕೊಡುವಂತಿಲ್ಲ, ಮೊದಲು ವಿಚಾರಿಸಬೇಕು. ಐದು ವರ್ಷದ ಹಿಂದೆ ಸಂಘದ ಕಾರ್ಯದರ್ಶಿ ಕಂಪ್ಯೂಟರ್ ತಂದಿಟ್ಟರು. ಬೇರೆಯವರ ಕೈಗೆ ಕೊಟ್ಟರೆ ಕುಲಗೆಡಿಸುತ್ತಾರೆ ಎಂದು ಮೇಡಂ ನಾಲ್ಕು ಸಾವಿರ ಕಾರ್ಡನ್ನೂ ಒಂದು ವರ್ಷ ಕೂತು ತಾವೇ ಟೈಪ್ ಮಾಡಿದರು. ಟೈಪ್ ಆಗಿ ಮುಗಿದ ಕಾರ್ಡುಗಳನ್ನು ಎಸೆಯಿರಿ ಎಂದರು ಕಾರ್ಯದರ್ಶಿ. ಅಟ್ಟಕ್ಕೆ ಹಾಕಿ ಎಂದರು ಮೇಡಂ. ನಾನು ಏನು ಮಾಡಿದೆ ಎಂಬುದನ್ನು ಮುಂದೆ ಹೇಳುತ್ತೇನೆ. ಈಗಲೇ ಹೇಳಿದರೆ ನೀವು ನನ್ನ ಮೇಲೆ ರೇಗುತ್ತೀರಿ.

ಒಂದು ದಿನ ಮಧ್ಯಾಹ್ನ ಒಂದು ಗಂಟೆಗೆ, ಮೇಡಂ ಊಟಕ್ಕೆ ಕೂತಿದ್ದಾಗ, ತಮ್ಮ ಬಂದ. ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ಕಾಗದಪತ್ರದ ಚೀಲ, ಮುಖ ಹಿಗ್ಗಿಹೋಗಿತ್ತು.

“ಅಕ್ಕ, ಐದು ಗಂಟೆಗೆ ವಕೀಲರ ಆಫೀಸಲ್ಲಿ ಸಹಿ. ನೀನೂ ಬರ್ಬೇಕು.”

“ಏನ್ ಸಹಿ?”

“ಶೆಡ್ಡು, ಗರಗಸ ಎಲ್ಲಾ ಟೈರ್ ವ್ಯಾಪಾರಿಗೆ ಕೊಟ್ಬಿಡ್ತಿದೀನಿ. ಆ ದುಡ್ಡಲ್ಲಿ ರಟ್ಟಿನ ಪೆಟ್ಟಿಗೆ ಮಾಡೋ ಯಂತ್ರ ತಗೋತೀನಿ. ಮರದ ಕಾಲ ಮುಗೀತು.”

ಮೇಡಂ ತಟ್ಟೆ ಸರಿಸಿದರು. ತುತ್ತು ಕೈಯಲ್ಲೇ ಇತ್ತು. “ಯಾರ್ ಹೇಳಿದ್ದು?”

ತಮ್ಮ ಈ ಪ್ರಶ್ನೆಗೆ ತಯಾರಾಗಿಯೇ ಬಂದಿದ್ದ. ಚೀಲದಿಂದ ಮೂರು ಕಾಗದ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟ. ಒಂದು, ನುಣುಪು ಹಾಳೆಯ ದಪ್ಪ ವರದಿ. ಎರಡು, ಪತ್ರಿಕೆಯ ತುಣುಕು. ಮೂರು, ನಮ್ಮ ಸಂಘದ್ದೇ ವಾರ್ಷಿಕ ಸಂಚಿಕೆ.

“ಒಂದಲ್ಲ, ಎರಡಲ್ಲ, ಮೂರು ಕಡೆ ಇದೆ. ಈ ಊರಿಗೆ ತಿಂಗಳಿಗೆ ನಲವತ್ತೆರಡು ಸಾವಿರದ ಆರುನೂರು ರಟ್ಟಿನ ಪೆಟ್ಟಿಗೆ ಬೇಕು. ಇರೋ ಮೂರು ಯಂತ್ರ ಸೇರಿ ಅದರ ಅರ್ಧನೂ ಮಾಡಲ್ಲ. ಮಿಕ್ಕಿದ್ದು ನಂದೇ!”

“ಈ ಸಂಖ್ಯೆ ಎಲ್ಲೋ ಕೇಳಿದ ಹಾಗಿದೆ,” ಎಂದರು ಮೇಡಂ.

“ಕೇಳದೆ ಏನು, ಎಲ್ಲಾ ಕಡೆ ಇದೆಯಲ್ಲ.”

“ಅಷ್ಟು ಬೇಡಿಕೆ ಇದ್ರೆ ಯಂತ್ರ ಇದ್ದೋನು ಯಾಕೆ ಮಾರ್ತಿದಾನೆ?”

“ವಯಸ್ಸಾಯ್ತಂತೆ.”

“ಅಂತೆ! ಈ ವರದಿ ಕೊಟ್ಟಿದ್ದು ಯಾರು?”

“ಅವರೇ.”

ಮೇಡಂ ಕೈ ತೊಳೆದು ಬಂದು ಬಾಗಿಲ ಹತ್ತಿರ ನಿಂತಿದ್ದ ನನ್ನನ್ನು ನೋಡಿದರು. ನನಗೂ ಗಾಬರಿಯಾಗಿತ್ತು. ಆ ಏಳು ಜನರಲ್ಲಿ ಹಿರಿಯವನು ನಮ್ಮ ಬೀದಿಯವನು. ಈ ತಮ್ಮನಿಗೆ ಮೊಳೆ ಹೊಡೆಯುವುದನ್ನು ಕಲಿಸಿದವನೇ ಅವನು.

“ಏಳು ಜನಕ್ಕೆ ಹೇಳಿದ್ಯಾ?” ಎಂದು ಕೇಳಿದರು ಮೇಡಂ.

ತಮ್ಮ ನೆಲ ನೋಡಿದ. “ಸಹಿ ಆದ್ಮೇಲೆ ಹೇಳ್ತೀನಿ.”

ಅಲ್ಲಿಂದ ಗಡಿಯಾರ ಓಡತೊಡಗಿತು. ಮೇಡಂ ಮೊದಲು ವರದಿ ತೆಗೆದರು. ಬಣ್ಣದ ಚಿತ್ರಗಳನ್ನು ಹಾರಿಸಿ, ಪುಟದ ಕೆಳಗೆ ಇರುವೆ ಸಾಲಿನಂತಿದ್ದ ಸಣ್ಣಕ್ಷರಕ್ಕೆ ಬೆರಳಿಟ್ಟರು. ಸಂಖ್ಯೆಯನ್ನು ಪತ್ರಿಕೆಯಿಂದ ತೆಗೆದುಕೊಳ್ಳಲಾಗಿದೆ ಎಂದಿತ್ತು. ಯಾವ ಪತ್ರಿಕೆ ಎಂದು ನೋಡಿದರೆ, ತಮ್ಮ ತಂದಿದ್ದ ತುಣುಕೇ ಅದು.

“ಇಲ್ಲಿಗೆ ಮೂರು ಹೋಗಿ ಎರಡಾಯ್ತು,” ಎಂದರು.

ಪತ್ರಿಕೆಯ ಕಚೇರಿಗೆ ಫೋನ್ ಮಾಡಿದರು. ಬರೆದ ವರದಿಗಾರ ಊಟಕ್ಕೆ ಹೋಗಿದ್ದ. ಮೂರು ಸಲ ಮಾಡಿದ ಮೇಲೆ ಸಿಕ್ಕ. ಬಾಯಲ್ಲಿ ಇನ್ನೂ ಏನೋ ಇತ್ತು. “ಅದಾ ಮೇಡಂ, ನಿಮ್ಮ ಸಂಘದ ವಾರ್ಷಿಕ ಸಂಚಿಕೆಯಲ್ಲೇ ಇತ್ತಲ್ಲ. ನಿಮ್ಮದು ಅಂದ್ಮೇಲೆ ನೋಡೋದೇನು ಅಂತ ಹಾಕಿದ್ವಿ.”

ಎರಡು ಹೋಗಿ ಒಂದಾಯಿತು. ಮೇಡಂ ವಾರ್ಷಿಕ ಸಂಚಿಕೆ ತೆರೆದರು. ಕೋಷ್ಟಕದ ಕೆಳಗೆ ಬರೆದಿತ್ತು: ‘ಮಾಹಿತಿ: ಸಂಘದ ವಾಚನಾಲಯ.’

ಅವರ ಮುಖದ ಬಣ್ಣ ಇಳಿದದ್ದನ್ನು ನಾನು ಕಂಡೆ. ವಾಚನಾಲಯ ಎಂದರೆ ಬೇರೆ ಯಾರೂ ಅಲ್ಲ, ಅವರೇ.

“ನೋಡಿದ್ಯಾ!” ತಮ್ಮ ಮೇಜು ತಟ್ಟಿದ. “ಸುತ್ತಿ ಸುತ್ತಿ ನಿನ್ನ ಹತ್ರಾನೇ ಬಂತು. ನಿನ್ನಷ್ಟು ನಂಬಿಕಸ್ಥರು ಈ ಊರಲ್ಲಿ ಇನ್ಯಾರಿದಾರೆ? ನಡಿ, ಹೋಗೋಣ.”

ಮೇಡಂ ಕಂಪ್ಯೂಟರ್ ಮುಂದೆ ಕೂತರು. ರಟ್ಟಿನ ಪೆಟ್ಟಿಗೆ ಎಂದು ಹುಡುಕಿದರು. ಒಂದೇ ಸಾಲು ಬಂತು. ತಿಂಗಳಿಗೆ 42,600. ಆರು ವರ್ಷದ ಹಿಂದಿನ ತಾರೀಖು. ಹೇಳಿದವರು: ಸ್ಥಳೀಯ ತಯಾರಕರೊಬ್ಬರು.

“ತಯಾರಕನೇ ಹೇಳಿದಾನೆ! ಅದಕ್ಕಿಂತ ಏನ್ ಬೇಕು ನಿಂಗೆ?”

“ಯಾವ ತಯಾರಕ?” ಮೇಡಂ ದನಿ ಸಣ್ಣದಾಗಿತ್ತು. “ಎಣಿಸಿ ಹೇಳಿದ್ನಾ? ಇದು ಯಾವ ಬಣ್ಣದಲ್ಲಿ ಇತ್ತು?”

ಕಂಪ್ಯೂಟರಿನಲ್ಲಿ ಎಲ್ಲ ಅಕ್ಷರವೂ ಕಪ್ಪು. ಬಣ್ಣಕ್ಕೆಂದು ಇನ್ನೊಂದು ಅಂಕಣ ಮಾಡಿ ಆಮೇಲೆ ತುಂಬುತ್ತೇನೆ ಎಂದುಕೊಂಡಿದ್ದರಂತೆ. ಆ ಆಮೇಲೆ ಐದು ವರ್ಷವಾದರೂ ಬಂದಿರಲಿಲ್ಲ. ಅವರು ಇದನ್ನು ಹೇಳಿದ್ದು ನನಗಲ್ಲ, ಪರದೆಗೆ.

ಮೂರು ರಟ್ಟಿನ ಪೆಟ್ಟಿಗೆಯವರಿಗೂ ಫೋನ್ ಹೋಯಿತು. ಒಬ್ಬರು ಎತ್ತಲಿಲ್ಲ. ಒಬ್ಬರು ನಕ್ಕು, “ಅಷ್ಟೊಂದಾ? ನಂಗೂ ಸ್ವಲ್ಪ ಕೊಡ್ಸಿ” ಎಂದರು. ಮೂರನೆಯವರು ಯಂತ್ರ ಮಾರುವವರೇ. ನಲವತ್ತೆರಡಲ್ಲ, ಈಗ ಐವತ್ತಾಗಿರಬೇಕು ಎಂದರು. ನಕ್ಕವರಿಗೆ ಹೊಸಬ ಬರುವುದು ಬೇಡ, ಮಾರುವವರಿಗೆ ಬೇಕೇ ಬೇಕು. ಇಬ್ಬರ ಮಾತನ್ನೂ ಮೇಡಂ ಕಾಗದದ ಮೇಲೆ ಪೆನ್ಸಿಲ್ಲಿನಲ್ಲೇ ಗೀಚಿದರು.

ಮೂರೂವರೆ ಆಗಿತ್ತು. ತಮ್ಮನ ತಾಳ್ಮೆ ಮುಗಿಯಿತು. “ಸಾಕು ಅಕ್ಕ. ನಿನ್ನ ಮಾತು ಕೇಳ್ತಾ ಕೂತ್ರೆ ಜೀವಮಾನವಿಡೀ ಮೊಳೆ ಹೊಡೀತಾ ಇರ್ಬೇಕಾಗುತ್ತೆ.” ಎದ್ದು ಚೀಲಕ್ಕೆ ಕೈ ಹಾಕಿದ. ಮೇಡಂ ಅವನಿಗಿಂತ ಮೊದಲೇ ಚೀಲ ಎಳೆದು ಕುರ್ಚಿಯ ಮೇಲಿಟ್ಟು, ಅದರ ಮೇಲೆ ಕೂತುಬಿಟ್ಟರು. ಐವತ್ತೆರಡು ವರ್ಷದ ಹೆಂಗಸು, ಚಿಕ್ಕ ಹುಡುಗಿಯ ಹಾಗೆ. ಬೇರೆ ದಿನವಾಗಿದ್ದರೆ ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

“ಬೈಂಡರಣ್ಣ, ಅಟ್ಟದಿಂದ ಹಳೇ ಕಾರ್ಡು ಇಳಿಸಿ. ಕಾರ್ಡಲ್ಲಿ ಹೆಸರು ಇದ್ದೇ ಇರುತ್ತೆ. ಬೇಗ.”

ಈಗ ಹೇಳಲೇಬೇಕು. ಅಟ್ಟದಲ್ಲಿ ಕಾರ್ಡುಗಳಿಲ್ಲ. ಆ ವರ್ಷ ರಟ್ಟಿಗೆ ಬರ. ಕಾರ್ಯದರ್ಶಿ ರಟ್ಟು ಕೊಡಿಸುವುದಿಲ್ಲ, ಆದರೆ ಪತ್ರಿಕೆಗಳನ್ನು ಬೈಂಡ್ ಮಾಡಿ ಎಂದು ಪ್ರಾಣ ತಿನ್ನುತ್ತಾರೆ. ದಪ್ಪ ಸಂಪುಟದ ಬೆನ್ನು ಗಟ್ಟಿಯಾಗಲು ಒಳಗೆ ಏನಾದರೂ ಅಂಟಿಸಲೇಬೇಕು. ಕಾರ್ಡುಗಳು ಹೇಳಿ ಮಾಡಿಸಿದ ಅಳತೆ. ಒಂದರ ಕೆಳಗೊಂದು, ಪದರದ ಮೇಲೆ ಪದರ, ಹಿಟ್ಟಿನ ಅಂಟು ಹಚ್ಚಿ ಕೂರಿಸಿದ್ದೆ. ಟೈಪ್ ಆಗಿದೆಯಲ್ಲ, ಇನ್ಯಾಕೆ ಎಂದುಕೊಂಡಿದ್ದೆ.

“ಮೇಡಂ, ಅಟ್ಟದಲ್ಲಿಲ್ಲ,” ಎಂದೆ. “ಪತ್ರಿಕೆ ಸಂಪುಟಗಳ ಬೆನ್ನೊಳಗಿವೆ. ನಾನೇ ಹಾಕಿದೆ.”

ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. “ಯಾವ ಸಂಪುಟ?”

ಅದೊಂದು ನನಗೆ ಗೊತ್ತಿತ್ತು. ಡ್ರಾಯರಿನಿಂದ ತೆಗೆದ ಕ್ರಮದಲ್ಲೇ ಅಂಟಿಸುತ್ತ ಹೋಗಿದ್ದೆ, ತಿಂಗಳಿಗೆ ಎರಡು ಸಂಪುಟ. ಅಕಾರದ ಡ್ರಾಯರ್ ಜನವರಿಯಲ್ಲಿ. ಪಕಾರ ಎಂದರೆ ಆಗಸ್ಟಿನ ಆಸುಪಾಸು.

ಆಗಸ್ಟಿನ ಮೊದಲ ಸಂಪುಟ ಹೊತ್ತು ತಂದೆ. ನನ್ನ ಕೈಯಾರೆ ಹೊಲಿದದ್ದು, ಬೆನ್ನಿಗೆ ಕಪ್ಪು ಬಟ್ಟೆ, ಒಂದು ಎಳೆ ಆಚೀಚೆಯಾಗಿರಲಿಲ್ಲ. ಚಾಕು ಇಟ್ಟು ಸೀಳಿದಾಗ ನನ್ನದೇ ಚರ್ಮ ಸುಲಿದಂತಾಯಿತು. ಒದ್ದೆ ಬಟ್ಟೆ ಒತ್ತಿ, ಅಂಟು ಮೆತ್ತಗಾಗುವ ತನಕ ಕಾದು, ಒಂದೊಂದೇ ಕಾರ್ಡು ಎಬ್ಬಿಸಿದೆ. ನೀಲಿ ಶಾಯಿ ಅಂಟಿನ ನೀರಿಗೆ ಹರಿದು ಬರಿಯ ಕಲೆಯಾಗಿತ್ತು. ಕೆಂಪು ಕೂಡ. ಮೇಲೆ ದಪ್ಪಕ್ಷರದಲ್ಲಿದ್ದ ಸರಕಿನ ಹೆಸರು ಮಾತ್ರ ಮಸುಕಾಗಿ ಕಾಣುತ್ತಿತ್ತು. ಪಾತ್ರೆ ಎಂದು ಒಂದರಲ್ಲಿ ಓದಿದೆ, ಇನ್ನೊಂದರಲ್ಲಿ ಪಿಂಗಾಣಿ. ಕೊನೆಯದು ಪುಸ್ತಕ. ಅಷ್ಟೇ. ಪೆಟ್ಟಿಗೆ ಇರಲಿಲ್ಲ.

ನಾಲ್ಕು ಗಂಟೆ ಹತ್ತು ನಿಮಿಷ. ಫೋನ್ ಬಂತು. ಯಂತ್ರ ಮಾರುವವರ ದಲ್ಲಾಳಿ. ತಮ್ಮ ಎತ್ತಿ “ಬರ್ತಿದೀನಿ, ಬರ್ತಿದೀನಿ” ಎಂದ. ಇಟ್ಟವನೇ ಅಕ್ಕನ ಮುಂದೆ ನಿಂತು, “ಏಳು. ಚೀಲ ಕೊಡು. ಇನ್ನು ನಿಂತ್ರೆ ಯಂತ್ರ ಬೇರೆಯವರ ಪಾಲಾಗುತ್ತೆ” ಎಂದ.

“ಅರ್ಧ ಗಂಟೆ ಕೊಡು,” ಎಂದರು ಮೇಡಂ. “ಆಮೇಲೆ ನಾನೇ ಬಂದು ಪಕ್ಕದಲ್ಲಿ ನಿಲ್ತೀನಿ.”

ಎರಡನೆಯ ಸಂಪುಟಕ್ಕೆ ಚಾಕು ಹಾಕಿದೆ. ಅವಸರಕ್ಕೆ ಬೆರಳು ಕುಯ್ದುಕೊಂಡೆ. ಮೊದಲ ಪದರ ಪುಸ್ತಕದ ಕಾರ್ಡುಗಳೇ. ಎರಡನೆಯ ಪದರ ಬಿಸಿನೀರು ತಂದರೂ ಏಳಲಿಲ್ಲ. ಹಾಳಾದ ಅಂಟು, ಅಷ್ಟು ಚೆನ್ನಾಗಿ ಯಾಕೆ ಕಲಸಿದ್ದೆನೋ! ಕೊನೆಗೆ ಮೇಡಂ ತಮ್ಮದೇ ಉಗುರಿನಿಂದ ಮೂಲೆ ಎತ್ತಿದರು. ‘ಪೆಟ್ಟಿಗೆ, ಕಬ್ಬಿಣ.’ ‘ಪೆಟ್ಟಿಗೆ, ಮರ.’ ಎರಡರಲ್ಲೂ ಹೆಸರಿನ ಕೆಳಗೆ ಬರಿಯ ಕಲೆ. ಅದರ ಕೆಳಗೆ ಇನ್ನೊಂದು. ಅದರಲ್ಲಿ ಕಲೆ ಇರಲಿಲ್ಲ, ಯಾಕೆಂದರೆ ಶಾಯಿಯೇ ಇರಲಿಲ್ಲ. ಪೆನ್ಸಿಲ್ ಅಂಟಿಗೂ ನೀರಿಗೂ ಜಗ್ಗುವುದಿಲ್ಲ. ಒಂದೊಂದು ಅಕ್ಷರವೂ ನಿನ್ನೆ ಬರೆದಂತಿತ್ತು.

ಮೇಡಂ ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ ಕಾರ್ಡನ್ನು ತಮ್ಮನ ಕೈಗೆ ಕೊಟ್ಟು ಕಿಟಕಿಯ ಕಡೆ ತಿರುಗಿದರು. ಅವನು ಜೋರಾಗಿ ಓದಿದ:

“ಪೆಟ್ಟಿಗೆ, ರಟ್ಟು. ತಿಂಗಳಿಗೆ 42,600. ಹೇಳಿದವನು ನನ್ನ ತಮ್ಮ, ಊಟದ ಹೊತ್ತಿನಲ್ಲಿ, ಸಿಟ್ಟಿನಲ್ಲಿ. ಎಣಿಸಿಲ್ಲ. ವಿಚಾರಿಸಬೇಕು.”

ತಮ್ಮ ಕುರ್ಚಿ ಹುಡುಕಿ ಕೂತ. ನಿಧಾನವಾಗಿ ಅವನಿಗೆ ನೆನಪು ಬಂತು. ಆರು ವರ್ಷದ ಹಿಂದೆ ಮೂವರು ಹಣ್ಣಿನ ವ್ಯಾಪಾರಿಗಳು ಒಂದೇ ವಾರದಲ್ಲಿ ಅವನ ಮರದ ಪೆಟ್ಟಿಗೆ ಬಿಟ್ಟು ರಟ್ಟಿಗೆ ಹೋಗಿದ್ದರು. ಅಕ್ಕನ ಮನೆಗೆ ಊಟಕ್ಕೆ ಬಂದವನು ತಟ್ಟೆ ತಳ್ಳಿ ಕೂಗಾಡಿದ್ದ. ಈ ರಟ್ಟಿನವರು ತಿಂಗಳಿಗೆ ನಲವತ್ತೆರಡು ಸಾವಿರದ ಆರುನೂರು ಪೆಟ್ಟಿಗೆ ತಂದು ಊರಿಗೆ ಸುರಿಯುತ್ತಿದ್ದಾರೆ, ನಾನು ಬದುಕುವುದು ಹೇಗೆ ಎಂದಿದ್ದ. ಇನ್ನೊಂದು ಹದಿನೇಳು ನಾಯಿ, ಅಷ್ಟೇ.

“ಅಕ್ಕ, ನಾನು ಹೇಳಿದ್ದನ್ನ ನೀನು ನಂಬಿದ್ಯಾ?”

“ನಂಬಿರ್ಲಿಲ್ಲ. ಅದಕ್ಕೇ ಪೆನ್ಸಿಲ್‌ನಲ್ಲಿ ಬರ್ದಿದ್ದೆ.” ಅವರು ಇನ್ನೂ ಕಿಟಕಿಯ ಕಡೆಗೇ ನೋಡುತ್ತಿದ್ದರು. “ಟೈಪ್ ಮಾಡುವಾಗ ‘ನನ್ನ ತಮ್ಮ’ ಅಂತ ಹಾಕಿದ್ರೆ ಚೆನ್ನಾಗಿರಲ್ಲ ಅನ್ನಿಸ್ತು. ಸ್ಥಳೀಯ ತಯಾರಕರೊಬ್ಬರು ಅಂತ ಹಾಕಿದೆ. ಹಾಕಿದವಳೂ ನಾನೇ, ಮರೆತವಳೂ ನಾನೇ.”

ಮತ್ತೆ ಫೋನ್ ಬಂತು. ದಲ್ಲಾಳಿಯ ದನಿ ದೂರ ನಿಂತ ನನಗೂ ಕೇಳುತ್ತಿತ್ತು. ಎಲ್ಲರೂ ಬಂದಿದ್ದಾರೆ, ನೀವೊಬ್ಬರೇ ಬಾಕಿ. ಇನ್ನೇನು ಅನುಮಾನ ಸಾರ್, ನಲವತ್ತೆರಡು ಸಾವಿರದ ಆರುನೂರು, ಅಚ್ಚಾಗಿ ಬಂದಿದೆಯಲ್ಲ, ಸುಳ್ಳು ಹೇಳೋದಕ್ಕೆ ಅವರಿಗೇನು ಹುಚ್ಚೇ?

“ಅದು ಹೇಳಿದ್ದು ಯಾರು ಅಂತ ಗೊತ್ತಾಯ್ತು,” ಎಂದ ತಮ್ಮ. “ನಾನೇ ಹೇಳಿದ್ದು.” ಆ ಕಡೆಯವರು ಏನೋ ಕೇಳಿದರು. “ಹೌದು, ನಾನೇ. ಸಹಿ ಮಾಡಲ್ಲ. ಎಣಿಸ್ದೇ ಮಾಡಲ್ಲ.” ಫೋನ್ ಇಟ್ಟು ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡ.

ಶೆಡ್ಡು ಉಳಿಯಿತು, ಏಳು ಜನ ಉಳಿದರು ಎಂದು ನನಗೆ ಆನಂದ. ಅದನ್ನು ಹೇಳೋಣವೆಂದು ಮೇಡಂ ಕಡೆ ತಿರುಗಿದರೆ ಅವರು ಅಳುತ್ತಿದ್ದರು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ. “ರಸ್ತೆ ಅಗಲ ಆಗುತ್ತೆ ಅಂತ ಅಪ್ಪನಿಗೆ ಹೇಳಿದ್ದು ಯಾರೋ ಕೆಟ್ಟವರು ಅಂದ್ಕೊಂಡಿದ್ದೆ ಬೈಂಡರಣ್ಣ. ಇಷ್ಟು ವರ್ಷ ಅವರಿಗೆ ಶಾಪ ಹಾಕಿದೀನಿ. ನನ್ನಂಥೋರೇ ಯಾರೋ ಇರ್ಬೇಕು. ಒಳ್ಳೆಯವರು, ಕೆಲಸದವರು, ಒಂದು ಮಾತು ಬರೆಯೋದಕ್ಕೆ ಮರೆತವರು.”

ತಮ್ಮ ಎದ್ದು ಬಂದು ಅಕ್ಕನ ಭುಜ ಹಿಡಿದು ನಿಂತ. ಸ್ವಲ್ಪ ಹೊತ್ತಾದ ಮೇಲೆ ಅವರು ಕಣ್ಣೊರೆಸಿಕೊಂಡು, ಇನ್ನು ಎಷ್ಟು ಸಂಪುಟ ಇವೆ ಎಂದು ನನ್ನನ್ನು ಕೇಳಿದರು.

“ಇಪ್ಪತ್ತೆರಡು.”

“ಎಲ್ಲಾ ಬಿಚ್ಚಬೇಕು. ಅದರಲ್ಲಿ ಎಷ್ಟು ಪೆನ್ಸಿಲ್ ಇದೆಯೋ, ಅದನ್ನ ನಂಬಿ ಯಾರ್ಯಾರು ಏನೇನು ಮಾರ್ಕೊಂಡಿದಾರೋ.”

ನನಗೆ ಸಿಟ್ಟು ನೆತ್ತಿಗೇರಿತು. ಎರಡು ಸಂಪುಟ ಹಾಳಾದದ್ದು ಸಾಲದೇ? ನನ್ನ ಒಂದು ವರ್ಷದ ದುಡಿಮೆ! ಆಗುವುದಿಲ್ಲ ಎಂದು ಕೂಗಿದೆ. ಕಾರ್ಯದರ್ಶಿ ಕೇಳಿದರೆ ಉತ್ತರ ಕೊಡುವವರು ಯಾರು ಎಂದೆ. ಕೂಗಿ ಮುಗಿದ ಮೇಲೆ ಬೆರಳಿಗೆ ಬಟ್ಟೆ ಸುತ್ತಿಕೊಂಡು ಜನವರಿಯ ಸಂಪುಟ ತರಲು ಹೋದೆ.

ನಾನು ಹೊತ್ತು ತರುವಷ್ಟರಲ್ಲಿ ಮೇಡಂ ಒಂದು ಹಾಳೆಯಲ್ಲಿ ದೊಡ್ಡಕ್ಷರದಲ್ಲಿ ಬರೆದು ಕಂಪ್ಯೂಟರಿನ ಮೇಲೆ ಅಂಟಿಸಿದ್ದರು: ‘ಇದರಲ್ಲಿರುವ ಯಾವ ಸಂಖ್ಯೆಯನ್ನೂ ಸದ್ಯಕ್ಕೆ ನಂಬಬೇಡಿ.’

ತಮ್ಮ ಅದನ್ನು ಓದಿದ. ಕೆಂಪಾದ ಕಣ್ಣಲ್ಲೂ ಅವನಿಗೆ ತುಂಟತನ ಬಂತು. “ಯಾರ್ ಹೇಳಿದ್ದು ಅಂತ ಬರ್ದೇ ಇಲ್ಲವಲ್ಲ ಅಕ್ಕ?”

ಮೇಡಂ ನಗಲಿಲ್ಲ. ಮೇಜಿನ ಮೇಲಿದ್ದ ಕೆಂಪು ಶಾಯಿಯ ಪೆನ್ನು ತೆಗೆದು, ಹಾಳೆಯ ಕೆಳಗೆ ತಮ್ಮದೇ ಪೂರ್ತಿ ಹೆಸರು ಬರೆದು ಸಹಿ ಹಾಕಿದರು. ಆಗ ಸರಿಯಾಗಿ ಐದು ಗಂಟೆಯಾಗಿತ್ತು.